ಕಿಲೋಮೀಟರಿಗೆ ಮೂರು ರೂಪಾಯಿ ತೊಂಬತ್ತೊಂದು ಪೈಸೆ

2024ರ ಮಾರ್ಚಿನಲ್ಲಿ, ರೊಬಸ್ಟಾ ಕಾಫಿಗೆ ನಮ್ಮ ತಲೆಮಾರಿನವರು ಕನಸಿನಲ್ಲಿಯೂ ಎಣಿಸದಿದ್ದ ಬೆಲೆ ಬಂದು, ಮೂಡಿಗೆರೆಯ ಪೇಟೆಯಲ್ಲಿ ಬೆಳೆಗಾರರ ನಡಿಗೆಯೇ ಸ್ವಲ್ಪ ಅಗಲವಾಗಿದ್ದ ಆ ದಿನಗಳಲ್ಲಿ, ನಾನು ನನ್ನ ಪಿಕಪ್ಪಿಗೆ 1,12,000 ರೂಪಾಯಿ ಬೆಲೆಯ ನಾಲ್ಕು ಶಾಕ್ ಅಬ್ಸಾರ್ಬರುಗಳನ್ನು ಹಾಕಿಸಿದೆನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅನ್ಯರ ತಪ್ಪುಗಳನ್ನು ಉದಾಹರಿಸಿ ಬುದ್ಧಿ ಹೇಳುವ ಅಂಕಣಕಾರನು ಒಮ್ಮೆಯಾದರೂ ತನ್ನ ಬಿಲ್ಲನ್ನು ಮೇಜಿನ ಮೇಲಿಡುವುದು ನ್ಯಾಯವಷ್ಟೆ.

ಹಳೆಯವನ್ನು ಬದಲಿಸಬೇಕಾಗಿದ್ದುದರಲ್ಲಿ ಸಂಶಯವಿರಲಿಲ್ಲ. ಗಾಡಿಯೊಡನೆ ಬಂದವು 48,000 ಕಿಲೋಮೀಟರು ಓಡಿದ್ದುವು; ಅವುಗಳ ಮೈಯಿಂದ ಜಿನುಗಿದ ಎಣ್ಣೆಗೆ ತೋಟದ ಕೆಮ್ಮಣ್ಣು ಅಂಟಿ ಗಟ್ಟಿಯಾಗಿದ್ದಿತು; ಹಿಂದಿನ ಟೈರಿನ ಮೇಲೆ ಅಂಗೈಯಾಡಿಸಿದರೆ ಗೇಣಿಗೊಂದರಂತೆ ಬಟ್ಟಲಿನಾಕಾರದ ತಗ್ಗುಗಳು ಕೈಗೆ ಸಿಗುತ್ತಿದ್ದುವು; ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಖಾಲಿ ಗಾಡಿಯ ಹಿಂಭಾಗವು ಸಣ್ಣದೊಂದು ಉಬ್ಬಿಗೂ ಪಕ್ಕಕ್ಕೆ ಜಿಗಿಯುತ್ತಿದ್ದಿತು. ಇದಲ್ಲದೆ, ಹದಿನಾಲ್ಕು ಮೂಟೆ ಕಾಫಿ, ಎಂದರೆ 700 ಕಿಲೋ, ಹೇರಿದೊಡನೆ ಹಿಂಭಾಗವು ಕುಸಿದು ಕುಳಿತು, ತೋಟದ ದಾರಿಯ ಪ್ರತಿಯೊಂದು ಕೊರಕಲಿನಲ್ಲಿಯೂ ಲೋಹಕ್ಕೆ ಲೋಹ ಬಡಿಯುತ್ತಿದ್ದಿತು. ಗ್ಯಾರೇಜಿನ ಸಾಬರು ಗಾಡಿಯ ಕಂಪೆನಿಯ ಮಾಲನ್ನೇ ಹಾಕೋಣವೆಂದರು. ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗನು, "ಮಾವ, ಹಾಕ್ಸೋದೇ ಆದ್ರೆ ಆಫ್ ರೋಡಿಂದೇ ಹಾಕ್ಸಿ, ಜನ್ಮಕ್ಕೊಂದು ಸಲ," ಎಂದನು. ಕೈಯಲ್ಲಿ ಹಣವಿದ್ದಾಗ ಎರಡನೆಯ ಮಾತು ಹೆಚ್ಚು ವಿವೇಕಯುತವಾಗಿ ಕೇಳಿಸುವುದು ಧನದ ಸ್ವಭಾವ.

ಬೆಂಗಳೂರಿನ ಅಂಗಡಿಯವನು ಹಣ ಎಣಿಸಲು ಹೋದ ನನ್ನನ್ನು ತಡೆದು, ಠೇವಣಿಯನ್ನು ಏಕೆ ಮುರಿಯುವಿರಿ, ಹನ್ನೆರಡು ಕಂತುಗಳಲ್ಲಿ ಬಡ್ಡಿಯಿಲ್ಲದೆ ಕಟ್ಟಿ ಎಂದು ಅಕ್ಕರೆಯಿಂದ ಹೇಳಿದನು. 'ನೋ ಕಾಸ್ಟ್ ಇಎಂಐ' ಎಂಬ ಈ ಪದಾರ್ಥದ ವಿಷಯದಲ್ಲಿ ನನಗೀಗ ತಾಳ್ಮೆ ಉಳಿದಿಲ್ಲ. ಬ್ಯಾಂಕಿನ ಕಾಗದವನ್ನು ಬಿಡಿಸಿ ನೋಡಿದಾಗ, 1,12,000ದಲ್ಲಿ ಅಸಲು 1,03,400, ಬಡ್ಡಿ 8,600, ಆ ಬಡ್ಡಿಯ ಮೇಲೆ ಶೇಕಡಾ 18ರಂತೆ ತೆರಿಗೆ 1,548 ಪ್ರತ್ಯೇಕ. ಅಂಗಡಿಯವನು ಬಡ್ಡಿಯನ್ನು ಬಿಟ್ಟುಕೊಟ್ಟಂತೆ ತೋರಿಸಿದ್ದನೇ ಹೊರತು, ರೊಕ್ಕ ಎಣಿಸಿದವನಿಗೆ ಕೊಡಬಹುದಾಗಿದ್ದ ರಿಯಾಯಿತಿಯನ್ನೇ ಬ್ಯಾಂಕಿಗೆ ದಾಟಿಸಿದ್ದನು. ಅದು ನನ್ನ ಜೇಬಿನಿಂದಲೇ ಹೋದುದು. ಬಡ್ಡಿಯಿಲ್ಲದ ಸಾಲಕ್ಕೆ ಬಡ್ಡಿಯ ಮೇಲಿನ ತೆರಿಗೆ ಎಲ್ಲಿಂದ ಬಂತೆಂಬ ಪ್ರಶ್ನೆಯೊಂದನ್ನು ಕೇಳಿದ್ದರೆ ಸಾಕಾಗಿತ್ತು. ನಾನು ಕೇಳಲಿಲ್ಲ.

ಕೊಂಡುದು ಕನಿಷ್ಠ ವಸ್ತುವಲ್ಲವೆಂಬುದನ್ನು ಒಪ್ಪಬೇಕು. ಒಂದೇ ನಳಿಗೆಯ ಮೋನೋಟ್ಯೂಬು. ಪಕ್ಕದಲ್ಲಿ ಮೆದುಗೊಳವೆಯಿಂದ ಜೋಡಿಸಿದ ರಿಸರ್ವಾಯರು. ಒಳಗೆ ಅಧಿಕ ಒತ್ತಡದ ನೈಟ್ರೋಜನ್. ಚಕ್ರದ ಕುಣಿತವನ್ನು ಎಣ್ಣೆಯ ಮೂಲಕ ಶಾಖವನ್ನಾಗಿ ಪರಿವರ್ತಿಸಿ ಗಾಳಿಗೆ ಬಿಡುವುದೇ ಯಾವ ಶಾಕ್ ಅಬ್ಸಾರ್ಬರಿನದಾದರೂ ಕಸುಬು. ಎಣ್ಣೆ ಅತಿಯಾಗಿ ಕಾದು ನೊರೆಗಟ್ಟಿದರೆ ಹಿಡಿತ ತಪ್ಪುತ್ತದೆ. ಹಾಗಾಗದಂತೆ ಹೆಚ್ಚಿನ ಎಣ್ಣೆಯನ್ನು ಹಿಡಿದಿಟ್ಟು ತಣಿಸುವುದಕ್ಕಾಗಿ ಆ ರಿಸರ್ವಾಯರು. 1967ರಿಂದ ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ನಡೆಯುತ್ತಿರುವಂತಹ ಓಟಗಳಲ್ಲಿ, ಗಂಟೆಗಟ್ಟಲೆ ಒರಟು ನೆಲದ ಮೇಲೆ ನಾಗಾಲೋಟದಿಂದ ಧಾವಿಸುವವನಿಗೆ ಅದು ಪ್ರಾಣರಕ್ಷಕ. ನಾನೋ, ಉರುಟುಕಲ್ಲು ಹಾಸಿದ ತೋಟದ ಏರಿನಲ್ಲಿ, ಫೋರ್ ವೀಲ್ ಹಾಕಿಕೊಂಡು, ಒಂದನೆಯ ಗೇರಿನಲ್ಲಿ, ಮುಂದೆ ನಡೆಯುತ್ತಿರುವ ಆಳು ಹಿಂದಿರುಗಿ ನೋಡಿ ನಗುವಷ್ಟು ವೇಗದಲ್ಲಿ ಹೋಗುವವನು. ಒಂದು ದಿನ ಗಾಡಿ ನಿಲ್ಲಿಸಿದೊಡನೆ ಇಳಿದು ಆ ನಳಿಗೆಯನ್ನು ಮುಟ್ಟಿದೆನು: ಮಗುವಿಗೆ ಕುಡಿಸಬಹುದಾದ ಹಾಲಿನಷ್ಟು ಬೆಚ್ಚಗಿದ್ದಿತು. ಶಾಖವೇ ಹುಟ್ಟದ ಕಡೆ ಶಾಖವನ್ನು ತಣಿಸುವ ಸಾಧನಕ್ಕೆ ನಾನು ಲಕ್ಷ ರೂಪಾಯಿ ಸುರಿದಿದ್ದೆನು.

2025ರ ಅಕ್ಟೋಬರಿನಲ್ಲಿ, ಮಳೆಯಿಂದ ಮಣ್ಣು ಕೊಚ್ಚಿಹೋಗಿ ಹಲ್ಲು ತೋರಿಸುತ್ತಿದ್ದ ದಾರಿಯಲ್ಲಿ, ಟೈರು ಚಿಮ್ಮಿಸಿದ ಕಲ್ಲೊಂದು ಹಿಂದಿನ ಎಡ ನಳಿಗೆಗೆ ಬಡಿದು, ಹೆಬ್ಬೆಟ್ಟಿನ ತುದಿ ಕೂರುವಷ್ಟು ತಗ್ಗನ್ನು ಮಾಡಿತು. ಎರಡು ಗೋಡೆಗಳ ಟ್ವಿನ್ ಟ್ಯೂಬಾಗಿದ್ದರೆ ಹೊರಗೋಡೆ ತಗ್ಗಾದರೂ ಒಳಗಿನ ಪಿಸ್ಟನ್ನು ತನ್ನ ಪಾಡಿಗೆ ಓಡಾಡಿಕೊಂಡಿರುತ್ತಿದ್ದಿತು. ಇಲ್ಲಿ ಗೋಡೆ ಒಂದೇ. ಪಿಸ್ಟನ್ನು ಆ ತಗ್ಗಿಗೆ ಸಿಕ್ಕಿ, ಸೀಲು ಹರಿದು, ವಾರದೊಳಗೆ ಎಣ್ಣೆಯೆಲ್ಲ ಬರಿದಾಯಿತು. ಡಬ್ಬದ ಮೇಲೆ ಕೆಸರು ಚಿಮ್ಮಿಸುತ್ತಿರುವ ಪಿಕಪ್ಪಿನ ಚಿತ್ರವಿದ್ದಿತು. ಡಬ್ಬದೊಳಗಿನ ವಾರಂಟಿ ಕಾರ್ಡಿನಲ್ಲಿ, ರಸ್ತೆಯ ಹೊರಗೆ ಉಂಟಾದ ಹಾನಿಗೆ ಹೊಣೆಯಿಲ್ಲವೆಂಬ ಸಾಲಿದ್ದಿತು. ಒಂಟಿಯಾಗಿ ಕೊಡುವುದಿಲ್ಲ, ಜೋಡಿಗೆ 54,000, ಬರಲು ಮೂರು ತಿಂಗಳು ಎಂದು ಉತ್ತರ ಬಂದಿತು. ಸಾಬರು ಗಾಡಿಯಡಿಯಿಂದಲೇ, "ಗೌಡ್ರೆ, ಭಾರ ಹೊರೋದು ಸ್ಪ್ರಿಂಗು. ಇದು ಬರೀ ಕುಣಿಯೋದನ್ನ ಹಿಡಿಯೋದು. ನೀವು ಭಾರಕ್ಕೆ ಅಂತ ಇದನ್ನ ತಂದ್ರಿ," ಎಂದರು. ಹತ್ತೊಂಬತ್ತು ತಿಂಗಳು ಆ ಮಾತನ್ನು ಆಡದೆ ಇಟ್ಟುಕೊಂಡಿದ್ದುದು ಅವರ ದಾಕ್ಷಿಣ್ಯ.

ಈಗ ಲೆಕ್ಕ. ಬೆಲೆ 1,12,000, ಬಡ್ಡಿಯ ತೆರಿಗೆ 1,548, ಜೋಡಿಸಿದ ಕೂಲಿ 6,000, ಒಟ್ಟು 1,19,548. ಚೆನ್ನಾಗಿದ್ದ ಮುಂದಿನ ಜೋಡಿಯನ್ನು ಸಕಲೇಶಪುರದ ಉತ್ಸಾಹಿಯೊಬ್ಬರು 18,000ಕ್ಕೆ ಕೊಂಡೊಯ್ದರು. ಉಳಿದದ್ದು 1,01,548. ಓಡಿದ್ದು 26,000 ಕಿಲೋಮೀಟರು. ಭಾಗಿಸಿದರೆ ಕಿಲೋಮೀಟರಿಗೆ 3 ರೂಪಾಯಿ 91 ಪೈಸೆ.

ಸಾಬರು ಹೇಳಿದ ಕಂಪೆನಿಯ ಮಾಲು ಮುಂದಿನ ಜೋಡಿಗೆ 9,200, ಹಿಂದಿನದಕ್ಕೆ 7,200, ಬುಶ್ಶು ಮತ್ತು ಕೂಲಿ ಸೇರಿ 3,600, ಒಟ್ಟು 20,000. ಮೊದಲಿನವು 48,000 ಓಡಿದ್ದರೂ, ಕೊನೆಯ 8,000ದಲ್ಲಿ ಅವು ಟೈರನ್ನು ತಿಂದುವೇ ಹೊರತು ಕೆಲಸ ಮಾಡಲಿಲ್ಲವಾದುದರಿಂದ, ಆಯುಸ್ಸನ್ನು 40,000 ಎಂದೇ ಹಿಡಿಯೋಣ: ಕಿಲೋಮೀಟರಿಗೆ 50 ಪೈಸೆ. ಅದೇ 26,000 ಕಿಲೋಮೀಟರಿಗೆ 13,000 ರೂಪಾಯಿ. ವ್ಯತ್ಯಾಸ 88,548. ನನ್ನ ಗಾಡಿಗೆ ಐದು ಹೊಸ ಟೈರು ಕೊಂಡು, ಮೇಲೆ ಎರಡು ವರ್ಷದ ವಿಮೆಯನ್ನು ಕಟ್ಟಬಹುದಾಗಿದ್ದ ಹಣ.

ಕಲ್ಲುದಾರಿಯ ಒಂದು ಕಿಲೋಮೀಟರು ಡಾಂಬರಿನ ಹತ್ತಕ್ಕೆ ಸಮನೆಂದು ಯಾರಾದರೂ ಆಕ್ಷೇಪಿಸಬಹುದು. ಸವೆತದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಆ 50 ಪೈಸೆಯವೂ ಇದೇ ಕಲ್ಲಿನ ಮೇಲೆಯೇ ಓಡಿದುವು. ವರ್ಷದ ಸುಮಾರು 16,000 ಕಿಲೋಮೀಟರಿನಲ್ಲಿ ತೋಟದ ದಾರಿ 1,700ನ್ನು ಮೀರುವುದಿಲ್ಲವೆಂದು, ಕೊಳ್ಳುವ ಮೊದಲು ನೋಡಬೇಕಾಗಿದ್ದ ಡೀಸೆಲಿನ ಪುಸ್ತಕವನ್ನು ಆಮೇಲೆ ನೋಡಿ ತಿಳಿದೆನು.

ಈ ಸಲ ಮುಂದಕ್ಕೆ ಕಂಪೆನಿಯದನ್ನೂ, ಭಾರವೂ ಕಲ್ಲಿನೇಟೂ ಹೆಚ್ಚಾಗಿ ಬೀಳುವ ಹಿಂದಕ್ಕೆ ದಪ್ಪ ಪಿಸ್ಟನ್ನಿನ ಗ್ಯಾಸ್ ಟ್ವಿನ್ ಟ್ಯೂಬನ್ನೂ ಹಾಕಿಸಿದೆನು: ಎಲ್ಲ ಸೇರಿ 25,800. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದುದು ಸ್ವಲ್ಪ ಅನುಕೂಲವಾಯಿತು. ಇದು 51,600 ಕಿಲೋಮೀಟರು ಬಾಳಿದರೆ ಆ 50 ಪೈಸೆಗೆ ಸಮ; ಬಾಳದಿದ್ದರೆ ಉಳಿದದ್ದು ಘಾಟಿಯ ನೆಮ್ಮದಿಗೆ ಕೊಟ್ಟ ಬೆಲೆ. ಲೀಫ್ ಸ್ಪ್ರಿಂಗಿನ ಬಾಗು ಸರಿಮಾಡಿಸಿ ಒಂದು ಪಟ್ಟಿ ಹೆಚ್ಚಿಸಿದುದಕ್ಕೆ 5,500. ವ್ಯಾಧಿಯ ಮೂಲ ಇದ್ದುದು ಅಲ್ಲಿ; ಹೇರಿದ ಗಾಡಿ ಈಗ ಬಡಿಯುವುದಿಲ್ಲ.

ಆದರೆ ಸ್ಪ್ರಿಂಗಿಗಿಂತಲೂ ಮೊದಲು ಸರಿಪಡಿಸಬೇಕಾದುದು ಸವಾರನನ್ನು. ನಮ್ಮ ಅಜ್ಜನು ಸಂತೆಗೆ ಗಾಡಿ ಕಟ್ಟುವ ಮುನ್ನ ಅಚ್ಚಿಗೆ ತಾನೇ ಕೀಲೆಣ್ಣೆ ಬಳಿಯುತ್ತಿದ್ದನು, ಬಳಿಯುತ್ತ ಚಕ್ರವನ್ನೂ ಕೀಲನ್ನೂ ಎತ್ತಿನ ಗೊರಸನ್ನೂ ನೋಡಿಬಿಡುತ್ತಿದ್ದನು. ನಾವು ಗಾಡಿಯಡಿಗೆ ಬಗ್ಗುವುದು ಸದ್ದು ಬಂದ ಮೇಲೆ. ತಿಂಗಳಿಗೊಮ್ಮೆ ಕೆಸರು ತೊಳೆದು ಎಣ್ಣೆಯ ಗೆರೆಯುಂಟೇ ಎಂದು ನೋಡುವವನು, ಹದಿನಾಲ್ಕು ಮೂಟೆಯ ಗಾಡಿಗೆ ಹದಿನೆಂಟನ್ನು ಹೇರದವನು, ಮಳೆಗಾಲ ಮುಗಿದೊಡನೆ ಎರಡಾಳು ಹಚ್ಚಿ ದಾರಿಯ ಕೊರಕಲನ್ನು ಮುಚ್ಚಿಸುವವನು, ಯಾವ ಶಾಕ್ ಹಾಕಿಸಿದರೂ ನನಗಿಂತ ಕಡಮೆ ತೆರುತ್ತಾನೆ. ಎರಡಾಳಿನ ಎರಡು ದಿನದ ಕೂಲಿಯನ್ನು ಉಳಿಸಲು ಹೋಗಿ ಆ ಕಲ್ಲನ್ನು ದಾರಿಯಲ್ಲಿ ಬಿಟ್ಟಿದ್ದವನು ನಾನೇ.

ಸೋತ ಆ ಹಿಂದಿನ ಜೋಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಮನೆಗೆ ತಂದೆನು. ಈಗ ಕಣದಲ್ಲಿ ಕಾಫಿಯ ಮೇಲೆ ಹೊದಿಸಿದ ಟಾರ್ಪಾಲು ರಾತ್ರಿಯ ಗಾಳಿಗೆ ಹಾರದಂತೆ, ಅಂಚಿಗೊಂದರಂತೆ ಅವನ್ನು ಇರಿಸುತ್ತೇವೆ. ಭಾರಕ್ಕೆಂದು ತಂದಿದ್ದುವು, ಭಾರಕ್ಕೇ ಒದಗಿದುವು.