ಊರಿನ ಹೆಸರಿನ ಜೊತೆ ಸ್ವಂತದ್ದೂ ಒಂದು ಹೆಸರು ಬೇಕು

ಮಂಡ್ಯ ಜಿಲ್ಲೆಯ ಸರಕಿಗೆ ಹೆಸರಿನ ಬರ ಇಲ್ಲ. ಮಂಡ್ಯದ ಬೆಲ್ಲ, ಮದ್ದೂರಿನ ವಡೆ ಮತ್ತು ಎಳನೀರು, ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಎಂದರೆ ರಾಜ್ಯದ ಯಾವ ಮೂಲೆಯಲ್ಲೂ ಗುರುತು ಹಿಡಿಯುವವರಿದ್ದಾರೆ. ಬರ ಇರುವುದು ಅದನ್ನು ಮಾಡುವವರ ಹೆಸರಿಗೆ. ಬೆಲ್ಲ ಮೆಚ್ಚಿದವರಿಗೆ ಅದು ಯಾವ ಆಲೆಮನೆಯದೆಂದು ತಿಳಿದಿರುವುದಿಲ್ಲ. ವಡೆ ಮೆಚ್ಚಿದವರು ಮುಂದಿನ ಸಲ ಪಕ್ಕದ ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ರಾಶಿ ಬಿದ್ದ ಅಚ್ಚು ಬೆಲ್ಲ ಬಣ್ಣ ಮತ್ತು ಗಟ್ಟಿತನದ ಮೇಲೆ ಹರಾಜಾಗುತ್ತದೆ. ಬೇಯಿಸಿದವನ ಹೆಸರು ಯಾರ್ಡಿನ ಗೇಟು ದಾಟುವುದಿಲ್ಲ.

ರಸ್ತೆ ಬದಿಯಲ್ಲಿ ಬೋರ್ಡು ಹಾಕಿ ಕೂತರೆ ಸಾಕು ಎಂಬ ಕಾಲವೂ ಹೋಯಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಮದ್ದೂರು, ಮಂಡ್ಯ ಪೇಟೆಗಳನ್ನು ಬೈಪಾಸಿನಲ್ಲೇ ದಾಟುತ್ತಿವೆ. ಹಳೆಯ ರಸ್ತೆಯ ಹೋಟೆಲು, ಎಳನೀರು ಗಾಡಿ, ಗೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತು. ಈಗ ಹೆದ್ದಾರಿ ಬಿಟ್ಟು ಇಳಿದು ಬರುವ ಗಿರಾಕಿ ಎಂದರೆ ಒಂದು ಹೆಸರನ್ನು ನೆನಪಿಟ್ಟುಕೊಂಡು ಬರುವ ಗಿರಾಕಿ. ಆ ಹೆಸರನ್ನು ಕಟ್ಟುವ ಕೆಲಸಕ್ಕೆ ಒಂದು ಕ್ರಮ ಇದೆ.

ಮೊದಲು ಒಂದು ಮಾತು

ಸರಕಿನ ಬಗ್ಗೆ ಹೇಳಬೇಕಾದ ಒಂದೇ ಒಂದು ಮಾತನ್ನು ಆರಿಸಿಕೊಳ್ಳುವುದು ಮೊದಲ ಹೆಜ್ಜೆ. ಅದು ನಿಜವಾಗಿರಬೇಕು, ಗಿರಾಕಿ ಬಂದು ನೋಡಿದರೆ ಕಾಣುವಂತಿರಬೇಕು, ಪಕ್ಕದವರು ಹೇಳಲಾಗದಂತಿರಬೇಕು. ‘ಶುಚಿ–ರುಚಿ’, ‘ಉತ್ತಮ ಗುಣಮಟ್ಟ’ ಎಂದು ಎಲ್ಲರೂ ಬರೆಸುವುದರಿಂದ ಅದನ್ನು ಓದುವವರಿಲ್ಲ.

ಬೆಲ್ಲದ ಉದಾಹರಣೆ ನೋಡಬಹುದು. ಹಳದಿ ಬಣ್ಣ ಬರಲೆಂದು ಹಲವು ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಅದಿಲ್ಲದೆ, ಸುಣ್ಣ ಮತ್ತು ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಮಡ್ಡಿ ತೆಗೆದು ಬೇಯಿಸಿದ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಬೆಂಗಳೂರಿನ ಗಿರಾಕಿ ಅದನ್ನು ನೋಡಿ ಹಳೆಯ ಮಾಲು ಎಂದುಕೊಳ್ಳುತ್ತಾನೆ. ಅಲ್ಲಿಯೇ ಹೇಳಬೇಕಾದ ಮಾತು ಸಿಗುತ್ತದೆ: ಹೈಡ್ರೋಸ್ ಹಾಕಿಲ್ಲ, ಆದ್ದರಿಂದ ಈ ಬಣ್ಣ. ಇದನ್ನು ಪೊಟ್ಟಣದ ಮೇಲೆ, ಬೋರ್ಡಿನ ಮೇಲೆ, ಫೋನಿನಲ್ಲಿ ಅದೇ ಪದಗಳಲ್ಲಿ ಹೇಳುತ್ತಿರಬೇಕು. ಪಾಕ ಸೀದು ಕಪ್ಪಾದ ಬೆಲ್ಲಕ್ಕೆ ಈ ಮಾತನ್ನು ಅಂಟಿಸಿದರೆ ಒಂದು ಸುಗ್ಗಿಯಲ್ಲೇ ಬಣ್ಣ ಬಯಲಾಗುತ್ತದೆ.

ಬೆಲ್ಲ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಮಾತನ್ನಂತೂ ಯಾರೂ ಬರೆಸಬಾರದು. ಅದು ಸುಳ್ಳು, ಅಪಾಯಕಾರಿ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆಂದು ಜಾಹೀರಾತು ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವೂ ಇಲ್ಲ.

ಹೆಸರು: ಹೆಚ್ಚಿನವರು ಎಡವುವ ಜಾಗ

ಅಂಗಡಿಗೆ ಊರಿನ ಹೆಸರನ್ನೋ ದೇವರ ಹೆಸರನ್ನೋ ಇಟ್ಟು ಕೈ ತೊಳೆದುಕೊಳ್ಳುವುದು ಈ ಭಾಗದ ಅತಿ ದೊಡ್ಡ ತಪ್ಪು. ಮದ್ದೂರು ವಡೆಯೇ ಇದಕ್ಕೆ ಪಾಠ. ಮದ್ದೂರು ರೈಲು ನಿಲ್ದಾಣದ ಉಪಾಹಾರದ ಮಳಿಗೆಯಲ್ಲಿ 1917ರಲ್ಲಿ ರಾಮಚಂದ್ರ ಬುದ್ಯ ಎಂಬವರು ಈ ವಡೆಯನ್ನು ಆರಂಭಿಸಿದರೆಂಬುದು ಪ್ರಚಲಿತ ಕಥೆ. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಯ ಆ ತಿನಿಸು ಇವತ್ತು ಬೆಂಗಳೂರಿನ ಬೇಕರಿಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತದೆ. ‘ಮದ್ದೂರು ವಡೆ’ ಎಂಬುದು ತಿನಿಸಿನ ಹೆಸರಾಗಿ ಹೋಗಿದೆ. ಮದ್ದೂರಿನಲ್ಲೇ ಕೂತು ನಿಷ್ಠೆಯಿಂದ ಕರಿಯುವವರಿಗೂ ಮದ್ದೂರನ್ನೇ ನೋಡದವರಿಗೂ ಆ ಹೆಸರಿನ ಮೇಲೆ ಒಂದೇ ಹಕ್ಕು. ಹಾಗಿರುವಾಗ ‘ನ್ಯೂ ಮದ್ದೂರು’, ‘ಒರಿಜಿನಲ್ ಮದ್ದೂರು’, ‘ಶ್ರೀ ಮದ್ದೂರು’ ಎಂದು ಸಾಲಾಗಿ ಬೋರ್ಡು ಹಾಕಿದರೆ ಗಿರಾಕಿಗೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ‘ಮದ್ದೂರು ಟಿಫಾನೀಸ್’ ಹೋಟೆಲು ಹೆದ್ದಾರಿ ಪ್ರಯಾಣಿಕರ ಬಾಯಲ್ಲಿ ನಿಂತದ್ದು ಊರಿನ ಪಕ್ಕದಲ್ಲಿ ಬೇರೆ ಯಾರಲ್ಲೂ ಇಲ್ಲದ ಒಂದು ಪದ ಇದ್ದುದರಿಂದ.

ಕುರಿಯ ವಿಷಯದಲ್ಲಿ ಇನ್ನೂ ಹೆಚ್ಚು ನಷ್ಟವಾಗಿದೆ. ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು. ಬೆಂಗಳೂರಿನ ಮಾಂಸದ ಅಂಗಡಿ, ಮಿಲಿಟರಿ ಹೋಟೆಲುಗಳ ಬೋರ್ಡಿನಲ್ಲಿ ಕಾಣುವುದು ‘ಬನ್ನೂರು ಕುರಿ’. ಬೋರ್ಡಿನ ಹಿಂದೆ ನೇತಾಡುವುದು ಯಾವ ಕುರಿ ಎಂದು ಯಾರೂ ಕೇಳುವುದಿಲ್ಲ. ನಿಜವಾದ ಬಂಡೂರು ತಳಿ ಸಾಕುವವನು ‘ಬಂಡೂರು’ ಎಂಬ ಒಂದೇ ಪದವನ್ನು ನಂಬಿ ಕೂತರೆ ಹೀಗೆಯೇ ಆಗುತ್ತದೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ ಬರೀ ಊರಿನ ಹೆಸರು ಅಥವಾ ಸರಕಿನ ಗುಣ ಹೇಳುವ ಪದ ಸಾಮಾನ್ಯವಾಗಿ ನೋಂದಣಿಯಾಗುವುದಿಲ್ಲ. ಬಹುಕಾಲದ ಬಳಕೆಯಿಂದ ಅದು ಒಬ್ಬರದೇ ಗುರುತು ಎಂದು ಜನ ಒಪ್ಪಿರಬೇಕು. ‘ಮೈಸೂರು ಸ್ಯಾಂಡಲ್’ ಹಾಗಾಗಲಿಲ್ಲವೇ ಎಂಬ ಪ್ರಶ್ನೆ ಬರಬಹುದು. ಆ ಸೋಪಿನ ಬೆನ್ನಿಗೆ ಸರ್ಕಾರ, ನೂರು ವರ್ಷದ ಮಾರಾಟ, ಮೊಟ್ಟೆಯಾಕಾರದ ಬಿಲ್ಲೆ, ಶರಭದ ಲಾಂಛನ ಎಲ್ಲ ಇದ್ದವು. ಹೊಸದಾಗಿ ಪೊಟ್ಟಣ ಕಟ್ಟುವ ಆಲೆಮನೆಗೆ ಅಷ್ಟು ಕಾಲಾವಕಾಶ ಇಲ್ಲ.

ದೇವರ ಹೆಸರಿನ ಕಥೆಯೂ ಇದೇ. ಮಂಡ್ಯದ ಹಾಲೂ ಸೇರಿದಂತೆ ರಾಜ್ಯದ ಒಕ್ಕೂಟಗಳ ಹಾಲು ಮಾರಾಟವಾಗುವ ‘ನಂದಿನಿ’ ಎಂಬ ಹೆಸರಿಗಾಗಿ ಕರ್ನಾಟಕ ಹಾಲು ಮಹಾಮಂಡಳ ಮತ್ತು ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲಿನ ನಡುವೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಪುರಾಣದ ಹೆಸರು, ಒಬ್ಬರ ಏಕಸ್ವಾಮ್ಯವಲ್ಲ, ಎರಡರ ಸರಕೂ ಬೇರೆ ಎಂದು ಹೇಳಿ 2018ರಲ್ಲಿ ನ್ಯಾಯಾಲಯ ಹಾಲಿನ ಪದಾರ್ಥಗಳನ್ನು ಹೊರತುಪಡಿಸಿ ಹೋಟೆಲಿನವರ ನೋಂದಣಿಯನ್ನು ಒಪ್ಪಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ‘ಶ್ರೀ ಲಕ್ಷ್ಮೀ ಟ್ರೇಡರ್ಸ್’ ಎಂದು ಹೆಸರಿಟ್ಟವರು ಯಾರನ್ನು ತಡೆಯಬಲ್ಲರು? ದೇವರ ಫೋಟೋ ಗಲ್ಲಾಪೆಟ್ಟಿಗೆಯ ಮೇಲಿರಲಿ, ಹೆಸರು ಬೇರೆ ಇರಲಿ.

ಮೂರನೆಯ ಮೋಹ ಸಿನಿಮಾ ನಟರದು. ಅಂಬರೀಷ್ ಹುಟ್ಟಿದ ದೊಡ್ಡರಸಿನಕೆರೆ ಮದ್ದೂರು ತಾಲ್ಲೂಕಿನಲ್ಲೇ ಇರುವುದರಿಂದ ಈ ಸೀಮೆಯಲ್ಲಿ ಅಭಿಮಾನ ಸಹಜ. ಆದರೆ ಬೋರ್ಡಿನ ಮೇಲಿನ ನಟನ ಮುಖ ನೆನಪಿಸುವುದು ನಟನನ್ನು, ಅಂಗಡಿಯನ್ನಲ್ಲ. ಬದುಕಿರುವ ಅಥವಾ ತೀರಿಕೊಂಡು 20 ವರ್ಷ ಆಗಿಲ್ಲದ ವ್ಯಕ್ತಿಯ ಜೊತೆ ನಂಟಿದೆಯೆಂದು ತೋರಿಸುವ ಗುರುತಿಗೆ ನೋಂದಣಿ ಅಧಿಕಾರಿ ಒಪ್ಪಿಗೆ ಪತ್ರ ಕೇಳಬಹುದು ಎಂದೂ ಕಾಯ್ದೆಯಲ್ಲಿದೆ.

ಹಾಗಾದರೆ ಒಳ್ಳೆಯ ಹೆಸರನ್ನು ಎಲ್ಲಿಂದ ತರುವುದು? ದೂರ ಹೋಗಬೇಕಾಗಿಲ್ಲ. ಇಲ್ಲಿನ ಹೊಲ–ಗದ್ದೆಗಳಿಗೆಲ್ಲ ಒಂದೊಂದು ಹೆಸರಿದೆ. ಮನೆತನಗಳಿಗೆ ಊರವರೇ ಇಟ್ಟ ಹೆಸರುಗಳಿವೆ. ಬಯಲಿನ ಮರ, ಕಟ್ಟೆ, ತೂಬು, ಅಜ್ಜಿಯ ಕರೆಯುವ ಹೆಸರು, ಯಾವುದೂ ಆಗಬಹುದು. ಎರಡು–ಮೂರು ಅಕ್ಷರದ್ದಾದರೆ ಮೇಲು. ಆರಿಸಿದ ಹೆಸರನ್ನು ಮೂರು ಕಡೆ ಪರೀಕ್ಷಿಸಬೇಕು: ಫೋನಿನಲ್ಲಿ ಒಂದೇ ಸಲ ಹೇಳಿದರೆ ಎದುರಿನವರಿಗೆ ಅರ್ಥವಾಗಬೇಕು, ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಜನ ಬರೆದರೆ ಹೆಚ್ಚು ಕಡಿಮೆ ಒಂದೇ ರೀತಿ ಬರೆಯಬೇಕು, ಇಲ್ಲದಿದ್ದರೆ ಮೊಬೈಲಿನಲ್ಲಿ ಹುಡುಕುವಾಗ ಸಿಗುವುದಿಲ್ಲ, ಓಡುವ ಬಸ್ಸಿನಿಂದ ಓದಲು ಬರಬೇಕು. ಊರಿನ ಹೆಸರನ್ನು ಕೆಳಗಿನ ಸಾಲಿನಲ್ಲಿ ಧಾರಾಳವಾಗಿ ಹಾಕಬಹುದು. ಮೊದಲ ಸಲ ಗಿರಾಕಿಯನ್ನು ಕರೆತರುವುದು ಊರಿನ ಹೆಸರೇ. ಎರಡನೇ ಸಲ ಅದೇ ಬಾಗಿಲಿಗೆ ತರುವುದು ಮಾತ್ರ ಸ್ವಂತ ಹೆಸರು.

ನೋಂದಣಿ

ಬೋರ್ಡು ಬರೆಸುವ ಮುಂಚೆಯೇ ಕೇಂದ್ರ ಸರ್ಕಾರದ ‘ಐಪಿ ಇಂಡಿಯಾ’ ಜಾಲತಾಣದಲ್ಲಿ ಆ ಹೆಸರು ಬೇರೆಯವರದಾಗಿದೆಯೇ ಎಂದು ನೋಡಬೇಕು. ಈ ಹುಡುಕಾಟಕ್ಕೆ ಶುಲ್ಕವಿಲ್ಲ. ಅದೇ ಕಾಗುಣಿತವಷ್ಟೇ ಅಲ್ಲ, ಅದೇ ಉಚ್ಚಾರಣೆಯ ಹೆಸರುಗಳನ್ನೂ ಹುಡುಕಬೇಕು. ಸರಕುಗಳನ್ನು ವರ್ಗಗಳಾಗಿ ಹಂಚಿದ್ದಾರೆ: ಬೆಲ್ಲ, ಅಕ್ಕಿ, ಹಿಟ್ಟಿನ ತಿನಿಸು 30ನೇ ವರ್ಗ; ಅಡುಗೆ ಎಣ್ಣೆ, ಹಾಲಿನ ಪದಾರ್ಥ 29; ಹೋಟೆಲು 43. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ಕರ್ನಾಟಕದ ಅರ್ಜಿಗಳನ್ನು ಚೆನ್ನೈ ಕಚೇರಿ ನೋಡಿಕೊಳ್ಳುತ್ತದೆ. ಪರಿಶೀಲನೆ ಮುಗಿದು ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಆಕ್ಷೇಪಣೆಗೆ ಅವಕಾಶ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣ.

ವೃತ್ತದೊಳಗೆ ‘ಆರ್’ ಅಕ್ಷರವಿರುವ ಗುರುತನ್ನು ನೋಂದಣಿಗೆ ಮುಂಚೆಯೇ ಬೋರ್ಡಿಗೆ ಹಾಕಿಸುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ದಂಡಕ್ಕೆ ದಾರಿಯಾಗಬಹುದು. ‘ಟಿಎಂ’ ಎಂದು ಹಾಕಿಕೊಳ್ಳಲು ಅಡ್ಡಿಯಿಲ್ಲ. ಹೆಸರು ಬಳಸಲು ಆರಂಭಿಸಿದ ದಿನದಿಂದ ಬಿಲ್ಲು, ಲೇಬಲ್ ಮುದ್ರಣದ ರಸೀದಿ, ಬೋರ್ಡಿನ ಫೋಟೋ ಇವನ್ನು ತಾರೀಖಿನ ಸಮೇತ ಜೋಪಾನ ಮಾಡಬೇಕು. ವ್ಯಾಜ್ಯ ಬಂದಾಗ ಮೊದಲು ಬಳಸಿದವರು ಯಾರೆಂಬುದಕ್ಕೆ ಇವೇ ಸಾಕ್ಷಿ.

ಪೊಟ್ಟಣ ಮತ್ತು ಬೋರ್ಡು

ಪೊಟ್ಟಣದ ಮೇಲೆ ತಯಾರಕರ ಹೆಸರು–ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ತಾರೀಖು, ಎಷ್ಟು ದಿನ ಬಳಸಬಹುದು, ದೂರು ಹೇಳಲು ಫೋನ್ ನಂಬರು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಲೇಬೇಕು. ‘ಸಾವಯವ’ ಎಂದು ಬರೆಸುವ ಮುಂಚೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣೀಕರಣದ ನಿಯಮಗಳನ್ನು ಕೃಷಿ ಇಲಾಖೆಯಲ್ಲಿ ಕೇಳಿ ತಿಳಿಯಬೇಕು. ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬುದು 2024ರ ತಿದ್ದುಪಡಿಯ ನಂತರದ ನಿಯಮ. ಬಣ್ಣ ಎರಡೇ ಸಾಕು. ಅದೇ ಎರಡು ಬಣ್ಣ ಪೊಟ್ಟಣ, ಬೋರ್ಡು, ಕೈಚೀಲ, ಗಾಡಿ ಎಲ್ಲದರ ಮೇಲೂ ಇರಬೇಕು. ವರ್ಷಕ್ಕೊಂದು ವಿನ್ಯಾಸ ಬದಲಿಸುವ ಚಟ ಇದ್ದವರು ಗಿರಾಕಿಯ ನೆನಪನ್ನು ತಾವೇ ಅಳಿಸುತ್ತಾರೆ.

ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಬೆಲ್ಲ. ರೈತ ಉತ್ಪಾದಕ ಕಂಪನಿ, ಸ್ವಸಹಾಯ ಸಂಘಗಳ ಬ್ರ್ಯಾಂಡಿಂಗ್ ವೆಚ್ಚಕ್ಕೂ ಅದರಲ್ಲಿ ನೆರವಿಗೆ ದಾರಿಯಿದೆ; ಸದ್ಯದ ಸ್ಥಿತಿಯನ್ನು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು.

ಮನುಷ್ಯನ ಗುರುತು

ಸಣ್ಣ ವ್ಯಾಪಾರದಲ್ಲಿ ಜನ ಸರಕಿಗಿಂತ ಮೊದಲು ಮನುಷ್ಯನನ್ನು ನೆನಪಿಟ್ಟುಕೊಳ್ಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಇದಕ್ಕೆ ಬಲವಾದ ಉದಾಹರಣೆ. ನೂರಾರು ನಾಟಿ ಭತ್ತದ ತಳಿಗಳನ್ನು ತಾವೇ ಬೆಳೆದು ಉಳಿಸುತ್ತ, ಮನೆತನದ ‘ಬಡಾ ಬಾಗ್’ ತೋಟದ ಹಳೆಯ ಮಾವಿನ ತಳಿಗಳನ್ನು ಕಾಪಾಡುತ್ತ, ಬಂದವರಿಗೆ ತೆನೆಗಳನ್ನು ಕೈಗಿತ್ತು ವಿವರಿಸುತ್ತ ಬಂದರು. ಭತ್ತದ ತಳಿ ಎಂದ ಕೂಡಲೇ ನಾಡಿನ ರೈತರಿಗೆ ಈ ಹೆಸರು ನೆನಪಾಗುತ್ತದೆ. ಜಾಹೀರಾತಿನಿಂದ ಇದು ಬರಲಿಲ್ಲ. ಒಂದೇ ಕೆಲಸಕ್ಕೆ ಅಂಟಿಕೊಂಡು, ಅದನ್ನು ಬಾಗಿಲು ತೆರೆದು ತೋರಿಸಿದ್ದರಿಂದ ಬಂತು. ಅಮೆರಿಕದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಮಧುಚಂದನ್ ಕಟ್ಟಿದ ‘ಆರ್ಗ್ಯಾನಿಕ್ ಮಂಡ್ಯ’ವೂ ಗಿರಾಕಿಗಳನ್ನು ಹೊಲಕ್ಕೇ ಕರೆದು ರೈತರ ಪಕ್ಕ ನಿಲ್ಲಿಸಿತು.

ಸಾಮಾನ್ಯ ಬೆಳೆಗಾರರೂ ಇದನ್ನು ಮಾಡಬಹುದು. ಯಾರು, ಯಾವ ಊರು, ಏನು ಮಾಡುವುದು, ಅದರಲ್ಲಿ ಬೇರೆಯಾದದ್ದೇನು ಎಂಬುದನ್ನು ನಾಲ್ಕು ವಾಕ್ಯದಲ್ಲಿ ಬರೆದು ಬಾಯಿಪಾಠ ಮಾಡಬೇಕು. ಮೇಳದ ಮಳಿಗೆಯಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ ಅದೇ ನಾಲ್ಕು ವಾಕ್ಯ. ಪೊಟ್ಟಣದ ಮೇಲೆ ಇಂಟರ್ನೆಟ್ಟಿನಿಂದ ಎತ್ತಿದ ನಗುಮುಖದ ರೈತನ ಚಿತ್ರ ಬೇಡ. ಸ್ವಂತ ಕೊಪ್ಪರಿಗೆಯ ಮುಂದೆ ನಿಂತ ಮನೆಯವರ ಫೋಟೋ ಇರಲಿ.

ದಾರಿ ಮತ್ತು ಫೋನು

ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ಸ್ವಂತ ಹೆಸರಿನಲ್ಲಿ ಸೇರಿಸಿ, ಹೆದ್ದಾರಿಯಿಂದ ಎಲ್ಲಿ ಇಳಿಯಬೇಕೆಂದು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಯಬೇಕು. ಮಳವಳ್ಳಿ ಕಡೆಯವರು ಶಿವನಸಮುದ್ರ, ತಲಕಾಡು, ಮಹದೇಶ್ವರ ಬೆಟ್ಟಕ್ಕೆ ಹೋಗುವವರ ದಾರಿಯನ್ನು ಹಿಡಿಯಬೇಕು. ಕೊಂಡವರ ಒಪ್ಪಿಗೆ ಪಡೆದು ನಂಬರು ಬರೆದಿಟ್ಟುಕೊಂಡು, ಹೊಸ ಬೆಲ್ಲ ಬಂದಾಗ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೆ ಸಾಕು. ದಿನಾ ಶುಭೋದಯ ಕಳಿಸಿದರೆ ನಂಬರು ಬ್ಲಾಕ್ ಆಗುತ್ತದೆ. ದೂರಿಗೆ ಅದೇ ದಿನ ಉತ್ತರ ಹೋಗಬೇಕು.

ಎಳ್ಳು–ಬೆಲ್ಲದ ಹೊತ್ತಿಗೆ ಬೇಡಿಕೆ ಏರುತ್ತದೆ. ಬರುವ ಸಂಕ್ರಾಂತಿಗೆ ಸ್ವಂತ ಹೆಸರಿನ ಪೊಟ್ಟಣ ಅಂಗಡಿಯಲ್ಲಿರಬೇಕೆಂದಿದ್ದರೆ ಹೆಸರಿನ ಆಯ್ಕೆ, ಹುಡುಕಾಟ, ಅರ್ಜಿ ಇವು ದಸರೆಯೊಳಗೆ ಮುಗಿಯಬೇಕು, ಲೇಬಲ್ ದೀಪಾವಳಿಗೆ ಮುದ್ರಣಾಲಯಕ್ಕೆ ಹೋಗಬೇಕು.