ಮಾರ್ಕರ್ ಒಂದನ್ನೇ ನಂಬಿ ಕೂರಬೇಡಿ

ಕಿಮೋಗೆ ಕುಗ್ಗಿದ ಗೆಡ್ಡೆ ಮತ್ತೆ ತಲೆ ಎತ್ತುವುದೇಕೆ? ಸಾಯದೆ ಉಳಿದ ಕ್ಯಾನ್ಸರ್ ಕಾಂಡಕೋಶಗಳಿಂದ, ಅಂದರೆ ಗೆಡ್ಡೆಯನ್ನು ಮತ್ತೆ ಕಟ್ಟಬಲ್ಲ ಕೋಶಗಳಿಂದ, ಎಂಬ ಅನುಮಾನ ಬಲವಾಗಿದೆ. ಪುಣೆಯ ಪ್ರಯೋಗಾಲಯದಲ್ಲಿ ಪಿತ್ತನಾಳದ ಕ್ಯಾನ್ಸರಿನಲ್ಲಿ ಅವನ್ನು ಹುಡುಕುತ್ತಾ ನಾನು ಕಲಿತದ್ದನ್ನು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

1. ಕೋಶದ ಮೈಮೇಲೆ ಯಾವ ಮಾರ್ಕರ್ (ಗುರುತಿನ ಪ್ರೋಟೀನು) ಇದೆ ಅನ್ನುವುದಕ್ಕಿಂತ ಅದು ಏನು ಮಾಡುತ್ತದೆ ಅನ್ನುವುದು ಮುಖ್ಯ. ಇದಕ್ಕೆ ಉದಾಹರಣೆ ಈ ಊರಲ್ಲೇ ಇದೆ. ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಶರ್ಮಿಳಾ ಬಾಪಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಬಲಿತಿದ್ದ ರೋಗಿಯೊಬ್ಬರ ಹೊಟ್ಟೆಯಲ್ಲಿ ತುಂಬಿದ ನೀರಿನಿಂದ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಅಷ್ಟೂ ಕೋಶಗಳ ನಡುವೆ ಗೆಡ್ಡೆ ಕಟ್ಟಬಲ್ಲ ಸಂತತಿ ಸಿಕ್ಕಿತು. ಅದು ಕಟ್ಟಿದ ಗೆಡ್ಡೆಯನ್ನು ಇಲಿಯಿಂದ ಇಲಿಗೆ ದಾಟಿಸಿದರೂ ಮತ್ತೆ ಬೆಳೆಯಿತು. 2005ರಲ್ಲಿ ಇದು ಪ್ರಕಟವಾಯಿತು. ಕಾಂಡಕೋಶ ಎಂದು ಕರೆಯಲು ಇಂಥ ಪುರಾವೆ ಬೇಕು.

2. ಒಂದು ಅಂಗದ ಮಾರ್ಕರ್ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. 2003ರಲ್ಲಿ ಸ್ತನ ಕ್ಯಾನ್ಸರಿನಲ್ಲಿ ಕಾಂಡಕೋಶವೆಂದು ಹೆಸರಾದದ್ದು ಸಿಡಿ44 ಎಂಬ ಮಾರ್ಕರ್ ಇದ್ದು ಸಿಡಿ24 ಇಲ್ಲದ, ಇಲ್ಲವೇ ತೀರಾ ಕಡಿಮೆ ಇರುವ ಕೋಶ. ಪಿತ್ತನಾಳದ ಕ್ಯಾನ್ಸರಿನಲ್ಲಿ ಸಿಡಿ24, ಸಿಡಿ44, ಎಪ್‌ಕ್ಯಾಮ್ ಮೂರೂ ಇರುವ ಕೋಶಗಳೇ ಗೆಡ್ಡೆ ಕಟ್ಟುವುದರಲ್ಲಿ ಮುಂದು. ಇನ್ನು ಎಪ್‌ಕ್ಯಾಮ್ ಆರೋಗ್ಯವಂತ ಪಿತ್ತನಾಳದ ಗೋಡೆಯಲ್ಲೂ ಇರುತ್ತದೆ; ಅದೊಂದನ್ನೇ ನಂಬುವಂತಿಲ್ಲ.

3. ಗೆಡ್ಡೆಯಿಂದ ಕೋಶ ಬಿಡಿಸುವ ಹೊತ್ತಿಗೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ. ಪಿತ್ತನಾಳದ ಗೆಡ್ಡೆ ನಾರುನಾರು. ಕತ್ತರಿಯ ಬಾಯಿಗೆ ಸಿಕ್ಕರೂ ಜಾರುತ್ತದೆ. ಎಷ್ಟೋ ಸಲ ತುಣುಕಿನ ಬಹುಪಾಲು ಕ್ಯಾನ್ಸರ್ ಕೋಶವೇ ಅಲ್ಲ, ನಾರು ಹೆಣೆಯುವ ಫೈಬ್ರೊಬ್ಲಾಸ್ಟ್ ಕೋಶಗಳು. ಸಿಡಿ44 ಅವುಗಳ ಮೈಮೇಲೂ ಉಂಟು. ಬೇಗ ಮುಗಿಯಲಿ ಎಂದು ಟ್ರಿಪ್ಸಿನ್ ಎಂಬ ಕಿಣ್ವ ಜಾಸ್ತಿ ಹಾಕಿದರೆ ಕೋಶದ ಹೊರಮೈಯ ಪ್ರೋಟೀನುಗಳನ್ನೇ ಅದು ಕತ್ತರಿಸಿಬಿಡುತ್ತದೆ. ಆಮೇಲೆ ಬಂದ ‘ನೆಗೆಟಿವ್’ಗೆ ಬೆಲೆಯಿಲ್ಲ. ಸತ್ತ ಕೋಶಗಳು ಸಿಕ್ಕಸಿಕ್ಕ ಆಂಟಿಬಾಡಿಯನ್ನೆಲ್ಲ ಅಂಟಿಸಿಕೊಳ್ಳುತ್ತವೆ. ಅವನ್ನೂ ಸಿಡಿ45 ಇರುವ ಬಿಳಿ ರಕ್ತಕಣಗಳನ್ನೂ ಮೊದಲು ಲೆಕ್ಕದಿಂದ ಹೊರಗಿಡಿ. ನಿಧಾನಕ್ಕೆ ಇಲ್ಲಿ ಬದಲಿಯೇ ಇಲ್ಲ.

4. ತಟ್ಟೆಯಲ್ಲಿ ಗೋಲ ಕಂಡ ಕೂಡಲೇ ಹಿಗ್ಗಬೇಡಿ. ಒಂದೇ ಕೋಶ ಬೆಳೆದು ಗೋಲವಾದರೆ ಅದು ಕಾಂಡಕೋಶದ ಸುಳಿವು. ಆದರೆ ಒತ್ತಾಗಿ ಬಿತ್ತಿದ ಕೋಶಗಳು ಒಂದಕ್ಕೊಂದು ಅಂಟಿಕೊಂಡೂ ಗುಂಡಗಾಗುತ್ತವೆ.

5. ಇಲಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಗೆಡ್ಡೆ ಕಟ್ಟಬಲ್ಲ ಕೋಶ ತೀರಾ ಅಪರೂಪ ಎಂದೇ ನಂಬಿದ್ದರು. 2008ರಲ್ಲಿ, ಹಿಂದೆ ಬಳಸಿದವುಗಳಿಗಿಂತ ರೋಗನಿರೋಧಕ ಶಕ್ತಿ ಇನ್ನೂ ಕುಂದಿದ ಇಲಿಗಳಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಕೋಶ ಗೆಡ್ಡೆ ಕಟ್ಟಿತು. ‘ಇಷ್ಟು ಶೇಕಡಾ ಕಾಂಡಕೋಶ’ ಎಂದು ಬರೆಯುವವರು ಯಾವ ಇಲಿ ಎಂಬುದನ್ನೂ ಜೊತೆಗೇ ಬರೆಯಬೇಕು.

6. ಪ್ರಯೋಗಾಲಯದ ಮಾರ್ಕರನ್ನು ರೋಗಿಯ ಮನೆಯವರ ಮುಂದೆ ಔಷಧಿಯಂತೆ ಹೇಳಬಾರದು. ಚಿಕಿತ್ಸೆ ಆರಿಸಲು ಇವತ್ತು ಸಿಡಿ133ನಂಥ ಕಾಂಡಕೋಶ ಮಾರ್ಕರಿನ ಪರೀಕ್ಷೆ ನೆರವಾಗುವುದಿಲ್ಲ. ನೆರವಾಗುವುದು ಎಫ್‌ಜಿಎಫ್‌ಆರ್2, ಐಡಿಎಚ್1ನಂಥ ಜೀನ್‌ಗಳ ಬದಲಾವಣೆ ಪತ್ತೆಹಚ್ಚುವ ಪರೀಕ್ಷೆ. ಅದೂ ಹೆಚ್ಚಾಗಿ ಯಕೃತ್ತಿನ ಒಳಗಿನ ಪಿತ್ತನಾಳದ ಕ್ಯಾನ್ಸರಿನಲ್ಲಿ. ಅವಕ್ಕೆ ಔಷಧಿಗಳಿವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಆ ಎರಡು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ.