ದೋಣಿಯಲ್ಲಿ ಎಲ್ಲಿ ಕೂಡ್ರಬೇಕು?



ಸಾಂಗಲಿಯ ಆಯರ್ವಿನ್ ಸೇತುವೆಯ ಮೇಲೆ ನಿಂತು ಕೃಷ್ಣಾ ನದಿ ನೋಡಿದ್ದೀರಾ? ಬೇಸಿಗೆಯಲ್ಲಿ ನೀರು ಎಲ್ಲೋ ಕೆಳಗೆ ಇರುತ್ತದೆ. ಅಲ್ಲಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತು. ಊರೊಳಗಿನ ರಸ್ತೆಗಳಲ್ಲಿ ದೋಣಿಗಳು ಓಡಾಡಿದವು. ಎನ್‌ಡಿಆರ್‌ಎಫ್ ಜವಾನರು ಎಂಜಿನ್ ಇರುವ ರಬ್ಬರ್ ದೋಣಿಗಳಲ್ಲಿ ಜನರನ್ನು ಹೊರಗೆ ತಂದರು.

ಅದೇ ಆಗಸ್ಟ್ 8ರಂದು, ಯೇರಳಾ ನದಿ ಕೃಷ್ಣೆಯನ್ನು ಸೇರುವ ಬ್ರಹ್ಮನಾಳ ಗ್ರಾಮದಲ್ಲಿ, ಜನರನ್ನು ಸುರಕ್ಷಿತ ಜಾಗಕ್ಕೆ ಒಯ್ಯುತ್ತಿದ್ದ ಊರಿನ ದೋಣಿಯೊಂದು ಮಗುಚಿತು. ಹೆಣ್ಣುಮಕ್ಕಳು, ಮಕ್ಕಳು ಸೇರಿ ಹಲವರು ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು.

ಜತ್ತ ತಾಲೂಕಿನ ಒಣಭೂಮಿಯಲ್ಲಿ ಓದುವ ನಿಮ್ಮಲ್ಲಿ ಅನೇಕರು ದೋಣಿ ಹತ್ತಿರಲಿಕ್ಕಿಲ್ಲ. ಮಿರಜ ಕಡೆಯವರು ಹತ್ತಿರಬಹುದು. ಆದರೆ ಮಹಾಪೂರ ಬಂದಾಗ ಯಾರು ಯಾವ ಊರಲ್ಲಿ ಇರುತ್ತಾರೋ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಇವತ್ತು ಒಂದೇ ಪ್ರಶ್ನೆ ತಗೊಳ್ಳೋಣ: ದೋಣಿಯಲ್ಲಿ ಭಾರ ಎಷ್ಟಿರಬೇಕು, ಎಲ್ಲಿರಬೇಕು?

ಎಷ್ಟು ಮುಳುಗುತ್ತದೆ?

ಆರ್ಕಿಮಿಡೀಸ್ ತತ್ವ ನಿಮಗೆ ಗೊತ್ತೇ ಇದೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಇದನ್ನೇ ಒಂದು ದೋಣಿಗೆ ಹಚ್ಚಿ ನೋಡ್ರಿ.

ಪೆಟ್ಟಿಗೆಯ ಆಕಾರದ, ಚಪ್ಪಟೆ ತಳದ ಒಂದು ದೋಣಿ ಇದೆ ಅಂತ ತಿಳಿಯಿರಿ. ಉದ್ದ 4 ಮೀಟರ್, ಅಗಲ 1.5 ಮೀಟರ್, ಗೋಡೆಯ ಎತ್ತರ 40 ಸೆಂ.ಮೀ., ದೋಣಿಯ ತೂಕ 180 ಕಿಲೋ. ತಳದ ವಿಸ್ತೀರ್ಣ 4 × 1.5 = 6 ಚದರ ಮೀಟರ್. ಇದು 1 ಸೆಂ.ಮೀ. ಕೆಳಗಿಳಿದರೆ 60 ಲೀಟರ್ ನೀರು ಸರಿಯುತ್ತದೆ. 60 ಲೀಟರ್ ನೀರು ಅಂದ್ರೆ 60 ಕಿಲೋ. ಹಾಗಾದರೆ 60 ಕಿಲೋ ತೂಕದ ಒಬ್ಬರು ಹತ್ತಿದಾಗ ಈ ದೋಣಿ 1 ಸೆಂ.ಮೀ. ಮುಳುಗುತ್ತದೆ.

ಖಾಲಿ ದೋಣಿ 3 ಸೆಂ.ಮೀ. ಮುಳುಗಿರುತ್ತದೆ. 10 ಜನ ಹತ್ತಿದರೆ 13 ಸೆಂ.ಮೀ. ಗೋಡೆ 40 ಸೆಂ.ಮೀ. ಇರುವುದರಿಂದ ನೀರಿನ ಮೇಲೆ ಇನ್ನೂ 27 ಸೆಂ.ಮೀ. ಉಳಿಯಿತು. ಈಗ ಯಾರಾದರೂ ಕೇಳಬಹುದು: "ಸರ್, ಹಂಗಾದ್ರೆ ಇನ್ನೂ 26 ಜನ ಆರಾಮಾಗಿ ಹತ್ತಬಹುದಲ್ರೀ?"

ಲೆಕ್ಕ ಸರಿ ಇದೆ, ಉತ್ತರ ಮಾತ್ರ ತಪ್ಪು. ಎಲ್ಲರೂ ಕಲ್ಲಿನಂತೆ ಅಲುಗಾಡದೆ, ಸಮನಾಗಿ ಹರಡಿಕೊಂಡು ಕೂತರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಮನುಷ್ಯರು ಹಾಗೆ ಕೂಡ್ರುವುದಿಲ್ಲ, ಹೊಳೆಯೂ ಸುಮ್ಮನೆ ಇರುವುದಿಲ್ಲ.

ಪಕ್ಕಕ್ಕೆ ವಾಲಿದರೆ?

ದೋಣಿಯ ಮೇಲೆ ಎರಡು ಬಲಗಳು ಕೆಲಸ ಮಾಡುತ್ತವೆ. ಒಟ್ಟು ಭಾರ ಗುರುತ್ವ ಕೇಂದ್ರದ ಮೂಲಕ ಕೆಳಗೆ ಎಳೆಯುತ್ತದೆ. ಪ್ಲವನ ಬಲ, ಅಂದ್ರೆ ನೀರು ಒತ್ತುವ ಬಲ, ದೋಣಿಯ ಮುಳುಗಿದ ಭಾಗದ ನಡುವಿನಿಂದ ಮೇಲಕ್ಕೆ ಕೆಲಸ ಮಾಡುತ್ತದೆ. ದೋಣಿ ಎಡಕ್ಕೆ ವಾಲಿದರೆ ಎಡಭಾಗ ಹೆಚ್ಚು ಮುಳುಗುತ್ತದೆ, ಪ್ಲವನ ಬಲವೂ ಎಡಕ್ಕೆ ಸರಿದು ದೋಣಿಯನ್ನು ಮತ್ತೆ ನೆಟ್ಟಗೆ ಮಾಡಲು ನೋಡುತ್ತದೆ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಈ ತಿರುಗಿ ನಿಲ್ಲಿಸುವ ಶಕ್ತಿ ಹೆಚ್ಚು, ಮೇಲೆ ಹೋದಷ್ಟೂ ಕಡಿಮೆ.

ನಮ್ಮ ದೋಣಿಯಲ್ಲೇ ನೋಡೋಣ. 10 ಜನರಲ್ಲಿ 4 ಜನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ 1 ಮೀಟರ್ ಸರಿದರು ಅಂತ ಇಟ್ಟುಕೊಳ್ಳಿ. ಪೂರ್ತಿ ಲೆಕ್ಕ ಮೇಲಿನ ತರಗತಿಯದು, ನಾನು ಮಾಡಿದ ಅಂದಾಜು ಫಲ ಇಲ್ಲಿದೆ:

- 10 ಜನ, ಎಲ್ಲರೂ ಕೂತಿದ್ದಾರೆ: ಒಂದು ಕಡೆಯ ಅಂಚು ಸುಮಾರು 21 ಸೆಂ.ಮೀ. ಕೆಳಗಿಳಿಯುತ್ತದೆ. 27ರಲ್ಲಿ 6 ಸೆಂ.ಮೀ. ಉಳಿಯಿತು. ಬಚಾವ್.
- 10 ಜನ, ಎಲ್ಲರೂ ನಿಂತಿದ್ದಾರೆ: ಅಂಚು ಸುಮಾರು 33 ಸೆಂ.ಮೀ. ಇಳಿಯಬೇಕು. ಇದ್ದದ್ದೇ 27. ನೀರು ಒಳಗೆ ನುಗ್ಗುತ್ತದೆ.
- 20 ಜನ, ಎಲ್ಲರೂ ಕೂತಿದ್ದಾರೆ: ನೀರಿನ ಮೇಲೆ ಉಳಿದದ್ದು 17 ಸೆಂ.ಮೀ. ಅಂಚು ಸುಮಾರು 28 ಸೆಂ.ಮೀ. ಇಳಿಯಬೇಕು. ಕೂತಿದ್ದರೂ ನೀರು ಒಳಗೆ.

ನೋಡಿದ್ರಾ? 36 ಜನರನ್ನು ಹೊತ್ತು ತೇಲಬಲ್ಲ ದೋಣಿ, 10 ಜನ ಎದ್ದು ನಿಂತು 4 ಜನ ಸರಿದ ಮಾತ್ರಕ್ಕೆ ನೀರು ತುಂಬಿಕೊಳ್ಳುತ್ತದೆ. ಒಳಗೆ ಬಂದ ನೀರು ತಗ್ಗಿನ ಕಡೆಗೇ ಓಡುತ್ತದೆ, ಹೆದರಿದ ಜನರೂ ಎದ್ದು ನಿಲ್ಲುತ್ತಾರೆ. ಮುಂದಿನದಕ್ಕೆ ಕ್ಷಣಗಳೇ ಸಾಕು.

ಮುಂದೆ–ಹಿಂದೆ: ಎಂಜಿನ್ ದೋಣಿಯ ಟ್ರಿಮ್

ದೋಣಿಯ ಮೂತಿ ಮತ್ತು ಹಿಂಭಾಗ ನೀರಿನಲ್ಲಿ ಎಷ್ಟೆಷ್ಟು ಮುಳುಗಿವೆ ಎಂಬ ಹೊಂದಾಣಿಕೆಗೆ ಟ್ರಿಮ್ ಅನ್ನುತ್ತಾರೆ. ರಬ್ಬರ್ ದೋಣಿಯಲ್ಲಿ ಎಂಜಿನ್ ಹಿಂದೆ, ನಡೆಸುವವನೂ ಹಿಂದೆ. ಉಳಿದವರೂ ಹಿಂದೆಯೇ ಕೂತರೆ ಮೂತಿ ಮೇಲೆದ್ದು ನಡೆಸುವವನಿಗೆ ಎದುರಿನ ತಂತಿ, ಮರದ ಕೊಂಬೆ ಕಾಣುವುದಿಲ್ಲ. ಎಂಜಿನ್ ಜೋರಾಗಿ ಕೂಗುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ, ದೋಣಿ ಮಾತ್ರ ನಿಧಾನ. ಎಲ್ಲರೂ ಮುಂದೆ ಬಂದರೆ ಮೂತಿ ನೀರನ್ನು ನೇಗಿಲಿನಂತೆ ಸೀಳುತ್ತದೆ, ತಿರುಗಿಸುವುದು ಕಷ್ಟ, ಅಲೆ ಒಳಗೆ ಬರುತ್ತದೆ.

ಭಾರ ಸರಿಯಾಗಿದ್ದು ವೇಗ ಹೆಚ್ಚಿದಾಗ ಒಂದು ಚಂದದ ಸಂಗತಿ ನಡೆಯುತ್ತದೆ. ದೋಣಿಯ ತಳ ನೀರನ್ನು ಕೆಳಗೆ ತಳ್ಳುತ್ತದೆ, ನೀರು ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್‌ನ ಮೂರನೆಯ ನಿಯಮ. ದೋಣಿ ನೀರಿನ ಮೇಲ್ಮೈಗೆ ಏರಿ ಜಾರಿದಂತೆ ಓಡುತ್ತದೆ. ಭಾರ ಅತಿಯಾದ ದೋಣಿಗೆ ಹೀಗೆ ಏರಲು ಆಗುವುದೇ ಇಲ್ಲ.

ಸಮುದ್ರದಲ್ಲಿ ಓಡುವ, ಒಳಗೆ ಕೋಣೆ ಇರುವ, ಎರಡು ಎಂಜಿನ್ನಿನ ದೊಡ್ಡ ಬೋಟುಗಳಲ್ಲೂ ಇದೇ ವಿಜ್ಞಾನ. ಅಲ್ಲಿ ಹಿಂಭಾಗದ ತಳದಲ್ಲಿ ಎಡಕ್ಕೊಂದು, ಬಲಕ್ಕೊಂದು ಲೋಹದ ರೆಕ್ಕೆ ಇರುತ್ತವೆ. ಓಡುವಾಗ ಎರಡನ್ನೂ ಇಳಿಸಿದರೆ ಹಿಂಭಾಗ ಏರಿ ಮೂತಿ ಇಳಿಯುತ್ತದೆ. ಬೋಟು ಎಡಕ್ಕೆ ವಾಲಿದ್ದರೆ ಎಡದ ರೆಕ್ಕೆ ಮಾತ್ರ ಇಳಿಸುತ್ತಾರೆ. ಎರಡೂ ಪ್ರೊಪೆಲರ್ ಒಂದೇ ದಿಕ್ಕಿಗೆ ತಿರುಗಿದರೆ ಬೋಟು ಒಂದು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಬಹಳಷ್ಟು ಬೋಟುಗಳಲ್ಲಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಿರುಗುವಂತೆ ಮಾಡಿರುತ್ತಾರೆ. ಅಲ್ಲೂ ಮೊದಲ ಕೆಲಸ ಒಂದೇ: ಸಾಮಾನು, ನೀರಿನ ಡ್ರಮ್ಮು, ಜನರನ್ನು ಸರಿಯಾದ ಜಾಗದಲ್ಲಿ ಇಡುವುದು. ರೆಕ್ಕೆ ಸಣ್ಣಪುಟ್ಟ ತಪ್ಪನ್ನಷ್ಟೇ ತಿದ್ದುತ್ತದೆ. ನೆರೆಯ ಊರಿಗೆ ಬರುವ ಸಣ್ಣ ದೋಣಿಯಲ್ಲಿ ಅಂಥ ರೆಕ್ಕೆ ಇರುವುದಿಲ್ಲ. ಅಲ್ಲಿ ಟ್ರಿಮ್ ಸರಿ ಮಾಡುವವರು ನೀವೇ.

ಮಾಡಿ ನೋಡಿ

ಬೇಕಾದದ್ದು: ಚೌಕಾಕಾರದ ಪ್ಲಾಸ್ಟಿಕ್ ಊಟದ ಡಬ್ಬಿ, ಟಬ್‌ನಲ್ಲಿ ನೀರು, 20 ನಾಣ್ಯ, ಸ್ಕೇಲು.

1. ನಾಣ್ಯಗಳನ್ನು ಡಬ್ಬಿಯ ತಳದಲ್ಲಿ ಹರಡಿ. ನೀರಿನ ಮೇಲೆ ಅಂಚು ಎಷ್ಟು ಉಳಿಯಿತು, ಅಳೆಯಿರಿ.
2. ಅದೇ ನಾಣ್ಯಗಳನ್ನು ಒಂದೇ ಪಕ್ಕಕ್ಕೆ ಸರಿಸಿ ಮತ್ತೆ ಅಳೆಯಿರಿ.
3. ನಾಣ್ಯಗಳನ್ನು ನಡುವೆ ಒಂದರ ಮೇಲೊಂದು ಪೇರಿಸಿ, ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ. ಹರಡಿದಾಗಿನ ಅಲುಗಾಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈ ಪ್ರಯೋಗ ಟಬ್‌ನಲ್ಲಿ ಮಾತ್ರ. ಹೊಳೆ, ಬಾವಿ, ಕೃಷಿಹೊಂಡದ ಹತ್ತಿರ ಬೇಡ.

ನೆನಪಿಡಿ

- ದೋಣಿ ತುಂಬಿದೆ ಅಂದ ಮೇಲೆ ಹತ್ತಬೇಡಿ. ಮುಂದಿನ ಸರದಿಗೆ ಕಾಯಿರಿ. ನಡೆಸುವವನು ಹೇಳಿದ ಜಾಗದಲ್ಲೇ ಕೂಡ್ರಿ.
- ಲೈಫ್ ಜಾಕೆಟ್ ಕೊಟ್ಟರೆ ಹತ್ತುವ ಮೊದಲೇ ಹಾಕಿ, ಪಟ್ಟಿ ಬಿಗಿಯಿರಿ.
- ಗಂಟುಮೂಟೆ ತಳದಲ್ಲಿ ಇರಲಿ, ತೊಡೆಯ ಮೇಲಾಗಲಿ ತಲೆಯ ಮೇಲಾಗಲಿ ಬೇಡ.
- ದಂಡೆ ಹತ್ತಿರ ಬಂತು ಅಂತ ಎಲ್ಲರೂ ಒಮ್ಮೆಲೆ ಏಳಬೇಡಿ. ಒಬ್ಬರು ಇಳಿದ ಮೇಲೆ ಇನ್ನೊಬ್ಬರು.

ಮನೆಗೆ ಹೋಗಿ ಅಜ್ಜಿ, ಅವ್ವ, ಅಪ್ಪ ಎಲ್ಲರಿಗೂ ಡಬ್ಬಿ–ನಾಣ್ಯದ ಆಟ ತೋರಿಸಿ. ಪರೀಕ್ಷೆಯಲ್ಲಿ ಆರ್ಕಿಮಿಡೀಸ್ ತತ್ವಕ್ಕೆ ಎರಡು ಅಂಕ ಬರಬಹುದು. ನೆರೆಯ ನೀರಿನಲ್ಲಿ "ಏ, ಎಲ್ಲರೂ ಕೂಡ್ರಿ!" ಅಂತ ಹೇಳುವವರು ಒಬ್ಬರಿದ್ದರೆ ಒಂದು ದೋಣಿಯೇ ಉಳಿಯಬಹುದು. ಆ ಒಬ್ಬರು ನೀವಾಗಿರಿ.